ಎಡಗಣ್ಣಿನ ಗೂಬೆ

“ಇನ್ನೊಂದು ಹುಬ್ಬು ಅಳಿಸಿದ್ರೆ ಮುಗೀತು,” ಎಂದಳು ಗೋಂದು, ಹತ್ತಿಯನ್ನು ನೇಲ್‌ಪಾಲಿಶ್ ರಿಮೂವರ್‌ನಲ್ಲಿ ಅದ್ದುತ್ತ.

ಊಟದ ಮೇಜಿನ ಮೇಲೆ ಮುಖ ಕಳೆದುಕೊಂಡ ಹಳೇ ಗೊಂಬೆಗಳು ಸಾಲಾಗಿ ಮಲಗಿದ್ದವು. ಪಕ್ಕದಲ್ಲಿ ಹೊಸ ಮುಖ ಬಂದವು: ದುಂಡು ಕಣ್ಣು, ಹಳದಿ ಕೊಕ್ಕು, ಒಂದು ಕಣ್ಣಿಗೆ ಕಪ್ಪು ಪಟ್ಟಿ. ಟಿವಿಯಲ್ಲಿ ದಿನಾ ಸಂಜೆ ಲೋಕವನ್ನು ಕಾಪಾಡುವ ಕ್ಯಾಪ್ಟನ್ ಗೂಬೆ. ಲೋಕಕ್ಕೆ ಅಪಾಯ ಬರುವುದು ಯಾವಾಗಲೂ ಹೋಂವರ್ಕ್ ಹೊತ್ತಿಗೇ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಬೆರಳಿಗೆ ಸದಾ ಏನಾದರೂ ಅಂಟಿಕೊಂಡಿರುವುದರಿಂದ ಎಲ್ಲರಿಗೂ ಅವಳು ಗೋಂದು.

ಶನಿವಾರ ಶಾಲೆಯಲ್ಲಿ ಮಕ್ಕಳ ಮಾರಾಟ. ಯಾರ ಮೇಜು ಮೊದಲು ಖಾಲಿಯಾಗುತ್ತದೋ ಅವರಿಗೆ ಕಾಂಪೌಂಡ್ ಗೋಡೆಯ ಮೇಲೆ ತಮಗೆ ಬೇಕಾದ ಚಿತ್ರ ಬರೆಯುವ ಅವಕಾಶ. ಅಷ್ಟುದ್ದದ ಗೋಡೆ! ಕನಸಿನಲ್ಲಿ ಗೋಂದು ಅದಕ್ಕೆ ಆಗಲೇ ಬಣ್ಣ ಬಳಿದು ಮುಗಿಸಿದ್ದಳು.

ಪ್ರಿಂಟಿಂಗ್ ಅಂಗಡಿಯ ಕೆಲಸ ಮುಗಿಸಿ ಬಂದ ಚಿಕ್ಕಪ್ಪ ಒಂದು ಗೂಬೆಯನ್ನು ಎತ್ತಿ ನೋಡಿದ. “ಪಟ್ಟಿ ಇರೋದು ಬಲಗಣ್ಣಿಗೆ ಕಣೇ. ನೀನು ಎಡಗಣ್ಣಿಗೆ ಕಟ್ಟಿದ್ದೀಯ.”

ತಪ್ಪು ಅವಳದಲ್ಲ. ಸ್ಕೂಲ್ ವ್ಯಾನಿನ ಗಾಜಿಗೆ ಹೊರಗಿನಿಂದ ಅಂಟಿಸಿದ್ದ ಪಾರದರ್ಶಕ ಸ್ಟಿಕ್ಕರನ್ನು ಅವಳು ಒಳಗೆ ಕೂತು ನೋಡಿ ಬರೆದುಕೊಂಡಿದ್ದಳು. ಆ ಕಡೆಯ ಗೂಬೆ ಈ ಕಡೆಗೆ ಉಲ್ಟಾ ಕಾಣುತ್ತದೆ ಎಂದು ಯಾವ ಡ್ರೈವರೂ ಹೇಳಿರಲಿಲ್ಲ.

“ಅದಿರಲಿ, ಮಾರೋಕೆ ಗೂಬೆಯವರನ್ನ ಕೇಳಿದ್ಯಾ? ಕಾಪಿರೈಟ್ ಅಂತ ಒಂದಿದೆ.”

“ಗೊತ್ತು. ಕಾಪಿ, ರೈಟ್. ಕಾಪಿ ಮಾಡಿದ್ರೆ ರೈಟ್ ಅಂತ.”

ಚಿಕ್ಕಪ್ಪ ನಗು ಮುಚ್ಚಲು ಕೆಮ್ಮಿದ. ಅರ್ಥ ಪೂರಾ ಉಲ್ಟಾ ಎಂದ. ಆ ಗೂಬೆಯನ್ನು ಮೊದಲು ಯಾರೋ ಕೂತು, ಯೋಚಿಸಿ, ಬರೆದಿರುತ್ತಾರೆ. ಅದನ್ನು ಮಾರುವ ಹಕ್ಕು ಅವರದು, ಬೇರೆಯವರು ಕೇಳಿ ಮಾರಬೇಕು. ಟೀಶರ್ಟಿನ ಮೇಲೆ ಗೂಬೆ ಅಚ್ಚು ಹಾಕಿಕೊಡಿ ಎಂದು ತಮ್ಮ ಅಂಗಡಿಗೂ ಜನ ಬರುತ್ತಾರೆ, ಓನರ್ ಟೀ ಕುಡಿಸಿ ವಾಪಸ್ ಕಳಿಸುತ್ತಾರೆ.

“ನಾನು ನಾಲ್ಕು ಗೂಬೆ ಮಾಡಿದ್ರೆ ಅವರ ಗಂಟೇನು ಹೋಗುತ್ತೆ? ಗೊಂಬೆ ನಂದು, ಬಣ್ಣ ನಂದು, ಕೈ ನಂದು.”

“ಗೂಬೆ?” ಎಂದ ಚಿಕ್ಕಪ್ಪ.

ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು ದೊಡ್ಡವರ ಚಟ. ಗೋಂದು ಉಳಿದ ಹುಬ್ಬನ್ನು ಜೋರಾಗಿ ಉಜ್ಜಿದಳು.

ಶನಿವಾರ ಅವಳ ಮೇಜಿಗೆ ಜನ ಮುತ್ತಬೇಕಿತ್ತು. ಮುತ್ತಿದ್ದು ಎದುರಿನ ಮೇಜಿಗೆ. ಅಲ್ಲಿದ್ದವನು ಅವಳ ಕ್ಲಾಸಿನ ಮೈಕ್‌ಸೆಟ್ಟು. ಅವನ ಗಂಟಲಿಗೆ ವಾಲ್ಯೂಮ್ ಬಟನ್ ಇಡುವುದನ್ನು ಯಾರೋ ಮರೆತಿದ್ದರು. ಅವನೂ ಕ್ಯಾಪ್ಟನ್ ಗೂಬೆಯನ್ನೇ ಮಾರುತ್ತಿದ್ದ. ಒಂದೊಂದಕ್ಕೂ ಪಟ್ಟಿ ಎಡಗಣ್ಣಿಗೆ!

ಬುಧವಾರ ಅವಳು ಒಂದು ಗೂಬೆಯನ್ನು ಕ್ಲಾಸಿಗೆ ತಂದು ಮೆರೆಸಿದಾಗ, ಎಲ್ಲರಿಗಿಂತ ಹತ್ತಿರ ಬಂದು ನೋಡಿದವನು ಇವನೇ.

“ನನ್ನ ಗೂಬೇನ ಕಾಪಿ ಹೊಡೆದಿದ್ದೀಯ.”

“ಟಿವಿ ನೋಡಿ ಮಾಡಿದ್ದು. ಸುಮ್‌ಸುಮ್ನೆ ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡ.”

ಸುತ್ತ ಇದ್ದವರೆಲ್ಲ ನಕ್ಕರು. ನಗು ಕೇಳಿ ಡ್ರಾಯಿಂಗ್ ಮಿಸ್ ಬಂದರು.

ಗೋಂದು ವಕೀಲರ ಹಾಗೆ ಎರಡು ಗೂಬೆಗಳನ್ನೂ ಎತ್ತಿ ಹಿಡಿದಳು. “ಮಿಸ್, ಟಿವಿ ಗೂಬೆಗೆ ಪಟ್ಟಿ ಬಲಗಣ್ಣಿಗಿದೆ. ನಾನು ವ್ಯಾನಿನ ಒಳಗಿಂದ ನೋಡಿ ತಪ್ಪಾಗಿ ಎಡಗಣ್ಣಿಗೆ ಹಾಕ್ದೆ. ಇವನಿಗೂ ಅದೇ ತಪ್ಪು ಎಲ್ಲಿಂದ ಬಂತು? ಕೂತು, ಯೋಚನೆ ಮಾಡಿ ಮಾಡಿದವಳು ನಾನು. ಒಂದು ಮಾತು ಕೇಳ್ಬಾರ್ದಾ?”

ಮೈಕ್‌ಸೆಟ್ಟು ಹುಟ್ಟಿದ ಮೇಲೆ ಮೊದಲ ಸಲ ಮೆಲ್ಲಗೆ ಮಾತಾಡಿದ.

“ನೀನು ಯಾರನ್ನ ಕೇಳಿದ್ದೆ?”

ಮಿಸ್ ಗೋಂದುವಿನ ಮುಖ ನೋಡಿದರು. ಗೋಂದು ಬಾಯಿ ತೆರೆದಳು. ಗೊಂಬೆ ನಂದು, ಬಣ್ಣ ನಂದು, ಕೈ ನಂದು. ಅವು ಮೂರೂ ಎದುರಿನ ಮೇಜಿನಲ್ಲೂ ಇದ್ದವು. ಎತ್ತಿದ್ದ ಗೂಬೆಗಳನ್ನು ಕೆಳಗಿಳಿಸಿದಳು.

ತನ್ನ ಮೇಜಿಗೆ ಬಂದು ಚೀಲದಿಂದ ರಿಮೂವರ್ ತೆಗೆದಳು. ಒಂದೊಂದಾಗಿ ಗೂಬೆಗಳ ಮುಖ ಹೋಯಿತು. ಕೊಳ್ಳಲು ಬಂದಿದ್ದ ಪುಟ್ಟ ಹುಡುಗನೊಬ್ಬ ಬೆಚ್ಚಿಬಿದ್ದು ಅಮ್ಮನ ಹತ್ತಿರ ಓಡಿದ. ಎದುರಿನ ಮೇಜಿನಲ್ಲೂ ಗೂಬೆಗಳು ಇನ್ನೂ ಉಳಿದಿರುವಾಗಲೇ ಮಾರಾಟದ ಸದ್ದು ನಿಂತಿತು.

ಗೋಡೆ ಕೊನೆಗೆ ಸೊಟ್ಟ ಬುಕ್‌ಮಾರ್ಕ್ ಮಾರುತ್ತಿದ್ದ ಒಂದನೇ ಕ್ಲಾಸಿನವಳ ಪಾಲಾಯಿತು. ಅಷ್ಟನ್ನೂ ಕೊಂಡವರು ಅವಳ ಅಜ್ಜಿ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಜ್ಜಿ ಎಲ್ಲರಿಗಿಂತ ಜೋರಾಗಿ.

ಗೋಂದು ತಲೆ ಎತ್ತಲಿಲ್ಲ. ಒಂದು ಬೋಳು ಮುಖದ ಮೇಲೆ ಅವಳ ಬ್ರಶ್ ಓಡುತ್ತಿತ್ತು. ನಗು ನುಂಗಿ ಉಬ್ಬಿದ ಕೆನ್ನೆ ಚಿಕ್ಕಪ್ಪನದು. ಮೀಸೆ ವ್ಯಾನ್ ಡ್ರೈವರನದು. ಉಳಿದದ್ದು ಎಲ್ಲಿಂದ ಬಂತೋ ಅವಳಿಗೂ ಗೊತ್ತಿರಲಿಲ್ಲ.

“ಯಾರಿದು?” ಮೈಕ್‌ಸೆಟ್ಟು ಬಗ್ಗಿ ನಿಂತಿದ್ದ.

“ಇನ್ನೂ ಗೊತ್ತಿಲ್ಲ. ಈಗ ಹುಟ್ತಾ ಇದಾನೆ.”

ಅವನು ಇನ್ನಷ್ಟು ಹತ್ತಿರ ಬಂದ. ಗೋಂದುವಿನ ಕೈ ತಾನಾಗಿಯೇ ಗೊಂಬೆಯನ್ನು ಮುಚ್ಚಿತು.

“ನಾನೂ ಇಂಥದ್ದೊಂದು ಮಾಡ್ಲಾ?” ಎಂದು ಕೇಳಿದ ಅವನು.

ಕೇಳಿದ. ಗೋಂದು ಬೇಕೆಂದೇ ನಿಧಾನವಾಗಿ ಬ್ರಶ್ ತೊಳೆದಳು. ಆಮೇಲೆ ಗೊಂಬೆಯ ಮೇಲಿಂದ ಕೈ ತೆಗೆದಳು.

“ಮಾಡು. ಮೀಸೆ ಮಾತ್ರ ನಿಂದೇ ಹುಡುಕ್ಕೋ.”