ಮುದುಕಪ್ಪನ ಎಡಹುರಿ ನೂಲು

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಏಳು ಗುಡ್ಡಗಳ ಆಚೆಯ ರಾಜ್ಯದಲ್ಲಿ, ಸುನಾದವತಿ ಎಂಬ ಪಟ್ಟಣವಿತ್ತು. ಅಲ್ಲಿ ಮನೆಮನೆಗೂ ತಂಬೂರಿ. ಎದುರಾದವರನ್ನು ಯಾರೂ ಹೆಸರು ಕೇಳುತ್ತಿರಲಿಲ್ಲ, ಶ್ರುತಿ ಕೇಳುತ್ತಿದ್ದರು. ಒಬ್ಬರು ತಮ್ಮ ಶ್ರುತಿ ಗುನುಗಿದರೆ ಇನ್ನೊಬ್ಬರು ಅದಕ್ಕೆ ದನಿ ಸೇರಿಸಬೇಕು. ಅದೇ ಅಲ್ಲಿಯ ನಮಸ್ಕಾರ.

ಇದನ್ನೆಲ್ಲ ಬಾಳವ್ವ ಕೇಳಿದ್ದು ಅಪ್ಪ ಮುದುಕಪ್ಪನ ಬಾಯಿಂದ. ಅವನು ದೂರದ ಹಳ್ಳಿಯಲ್ಲಿ ನೂಲು ತೆಗೆಯುವವನು. ತಂಬೂರಿಯ ತಂತಿಯ ಕೆಳಗೆ ಒಂದೆಳೆ ನೂಲು ಸರಿಸಿದರೆ ಮಾತ್ರ ಅದು ಝೇಂಕರಿಸುತ್ತದೆ. ಆ ಎಳೆಗೆ ಜೀವಾಳ ಎನ್ನುತ್ತಾರೆ. ಪಟ್ಟಣಕ್ಕೆಲ್ಲ ಜೀವಾಳ ಹೋಗುತ್ತಿದ್ದದ್ದು ಮುದುಕಪ್ಪನ ಕದಿರಿನಿಂದ. ಅವನು ಎಡಚ, ಅವನ ನೂಲಿನ ಹುರಿ ಎಡಕ್ಕೆ ತಿರುಗಿರುತ್ತಿತ್ತು. ನೂಲುವಾಗ ಮಗಳಿಗೆಂದು ಮೂರು ಸಾಲಿನ ಒಂದು ಹಾಡು ಹಾಡುತ್ತಿದ್ದ.

“ಮುಂದಿನ ವರ್ಷ ನಿನ್ನೂ ಕರಕೊಂಡು ಹೋಗ್ತೀನವ್ವ” ಎಂದು, ನೂಲು ಕೊಡಲು ಪಟ್ಟಣಕ್ಕೆ ಹೊರಟಾಗಲೆಲ್ಲ, ಹತ್ತು ವರ್ಷ ಹೇಳಿದ. ಹನ್ನೊಂದನೆಯ ವರ್ಷ ತೀರಿಕೊಂಡ.

ಬಾಳವ್ವನಿಗೆ ಬೇರೆ ಯಾರೂ ಇರಲಿಲ್ಲ. ತಾನೇ ನೂತ ಒಂದು ಲಡಿ ನೂಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬಳೇ ನಡೆದು ಸುನಾದವತಿಗೆ ಬಂದಳು. ಅಪ್ಪನನ್ನು ಕಂಡವರು ಅಲ್ಲಿದ್ದಾರೆ, ತನ್ನ ಜೊತೆ ದನಿ ಸೇರಿಸುವವರು ಒಬ್ಬರಾದರೂ ಸಿಗುತ್ತಾರೆ ಎಂಬ ಆಸೆ ಅವಳಿಗೆ.

ಮೊದಲ ಬೀದಿಯಲ್ಲಿ ಯಾರೂ ಗುನುಗಲಿಲ್ಲ. ಎರಡನೆಯ ಬೀದಿಯಲ್ಲೂ ಗುನುಗಲಿಲ್ಲ. ಮೂರನೆಯ ಬೀದಿಯಲ್ಲಿ ಜನ ತಲೆ ತಗ್ಗಿಸಿ ಗೋಡೆ ಪಕ್ಕಕ್ಕೇ ನಡೆಯುತ್ತಿದ್ದರು. ಅಷ್ಟು ಜನರ ನಡುವೆ ನಿಂತ ಬಾಳವ್ವನಿಗೆ, ಖಾಲಿ ಮನೆಯಲ್ಲೂ ಆಗದಿದ್ದಷ್ಟು ಒಂಟಿತನವಾಯಿತು.

ಬೀದಿಯ ಕೊನೆಗೆ ತಂಬೂರಿ ರಿಪೇರಿ ಮಾಡುವ ರಾಚಪ್ಪಜ್ಜನ ಅಂಗಡಿ. ಅವಳು ಹೋಗಿ, “ಅಜ್ಜಾ, ನಾನು ಮುದುಕಪ್ಪನ ಮಗಳು” ಎಂದಳು. ಅಪ್ಪ ಹೋದ ಸುದ್ದಿಯನ್ನೂ ಹೇಳಿದಳು.

ಅಜ್ಜನ ಕಣ್ಣು ತುಂಬಿತು. ಏನೋ ಹಾಡಲು ಬಾಯಿ ತೆರೆದ, ದನಿ ಬರಲಿಲ್ಲ. “ನೋಡಿದ್ಯಾ ತಂಗೀ, ಮಾತು ಬರ್ತದ, ಹಾಡು ಬರೂದಿಲ್ಲ. ತಂಬೂರಿ ಮೂಕಾದಾಗಿಂದ ಇಡೀ ಊರಿಗೆ ಹಿಂಗಾಗೇದ. ನಮ್ಮ ಪಂಡಿತರು ತಂತಿ ಬದಲಿಸಿದ್ರು, ಕುಂಬಳ ಬುರುಡೆ ಬದಲಿಸಿದ್ರು, ತಂಬೂರಿಗೆ ಎಣ್ಣೆ ಸ್ನಾನಾನೂ ಮಾಡಿಸಿದ್ರು.”

ಬಾಳವ್ವ ತಂಬೂರಿಯಲ್ಲಿ ತಂತಿ ಕೂರುವ ಕುದುರೆಯನ್ನು ಬಗ್ಗಿ ನೋಡಿದಳು. “ಜೀವಾಳಾನೇ ಇಲ್ಲಲ್ಲಜ್ಜಾ!”

ದೊಡ್ಡ ದೊಡ್ಡ ವಿದ್ವಾಂಸರ ಊರು. ನೂಲಿನ ಎಳೆಯನ್ನು ನೋಡುವಷ್ಟು ಯಾರೂ ಬಗ್ಗಿರಲಿಲ್ಲ.

ಅವಳು ತನ್ನ ಲಡಿಯಿಂದ ಒಂದೆಳೆ ಕಿತ್ತು ತಂತಿಯ ಕೆಳಗೆ ಸರಿಸಿದಳು. ತಂಬೂರಿ ಒಮ್ಮೆ ಝೇಂಕರಿಸಿತು. ಮರುಕ್ಷಣ ಆ ಎಳೆ ಹಾವಿನಂತೆ ಜಾರಿ, ಕಿಟಕಿಯಿಂದ ಹಾರಿ, ಊರಾಚೆಯ ಕರಿಗುಡ್ಡದ ಕಡೆ ಹೋಯಿತು.

“ಅಲ್ಲಿ ಉಗ್ರಮಾಲಿ ಇದ್ದಾನ” ಎಂದು ಅಜ್ಜ ಬಾಗಿಲಿಗೆ ಅಡ್ಡ ನಿಂತ. “ಮಾಂತ್ರಿಕ. ಹೋದವರು ಯಾರೂ ತಿರುಗಿ ಬಂದಿಲ್ಲ.”

“ನನಗಾಗಿ ಕಾಯೋರು ಯಾರದಾರಜ್ಜಾ?” ಎಂದು ಬಾಳವ್ವ ಹೊರಟಳು.

ಕರಿಗುಡ್ಡದ ಮೊದಲ ಬಾಗಿಲಲ್ಲಿ ಕಲ್ಲಾನೆ ನಿಂತಿತ್ತು. “ಹಾಡು ಕೊಡು, ದಾರಿ ಬಿಡುತ್ತೇನೆ. ಕೊಟ್ಟ ಸಾಲು ನಿನ್ನ ನೆನಪಲ್ಲಿ ಉಳಿಯದು” ಎಂದಿತು. ಬಾಳವ್ವ ಆ ಊರಿನ ಶ್ರುತಿಗೆ ಇನ್ನೂ ಸೇರದವಳು, ಅವಳ ಹಾಡು ಅವಳಲ್ಲೇ ಇತ್ತು. “ಕದಿರೇ ತಿರುಗೇ, ಹಗಲು ನೂಲಾಗಲಿ” ಎಂದು ಹಾಡಿದಳು. ಆನೆ ಸರಿಯಿತು. ಆ ಸಾಲು ಅವಳ ನೆನಪಿನಿಂದ ಅಳಿಸಿಹೋಯಿತು.

ಎರಡನೆಯ ಬಾಗಿಲಲ್ಲಿ ಕಂಚಿನ ನವಿಲು. “ಹಾಡು ಕೊಡು, ದಾರಿ ಬಿಡುತ್ತೇನೆ.” “ನೂಲೇ ನಡೆಯೇ, ಊರು ಹತ್ತಿರಾಗಲಿ” ಎಂದಳು. ಅದೂ ಹೋಯಿತು.

ಮೂರನೆಯ ಬಾಗಿಲಲ್ಲಿ ರೆಕ್ಕೆಯ ಹುಲಿ. “ಹಾಡು ಕೊಡು, ದಾರಿ ಬಿಡುತ್ತೇನೆ.”

ಬಾಳವ್ವ ಅಲ್ಲೇ ಕೂತಳು. ಇದೊಂದು ಸಾಲು ಹೋದರೆ ಅಪ್ಪನ ದನಿಯೇ ಹೋದಂತೆ. ತಿರುಗಿ ಹೋಗೋಣವೆನಿಸಿತು. ಬಾಯಿ ತೆರೆದು ಹಾಡಲಾಗದೆ ನಿಂತ ರಾಚಪ್ಪಜ್ಜನ ಮುಖ ಕಣ್ಣೆದುರು ಬಂತು. ಕಣ್ಣೊರೆಸಿಕೊಂಡು, “ಮಗಳೇ ಮಲಗೇ, ಅಪ್ಪ ಬರ್ತಾನೆ” ಎಂದು ಮೆಲ್ಲಗೆ ಹಾಡಿ, ಅದನ್ನೂ ಕೊಟ್ಟುಬಿಟ್ಟಳು.

ಒಳಗೆ ಉಗ್ರಮಾಲಿ ಒಂದು ಶಾಲು ಹೊದ್ದು ಕೂತಿದ್ದ. ಊರಿನ ಜೀವಾಳವನ್ನೆಲ್ಲ ಕದ್ದು ನೇಯ್ದ ಶಾಲು ಅದು. ಇಡೀ ಸುನಾದವತಿಯ ಹಾಡು ಅವನೊಬ್ಬನ ಕಿವಿಯಲ್ಲಿ ಮೊರೆಯುತ್ತಿತ್ತು.

“ಇದ್ದದ್ದನ್ನೆಲ್ಲ ಕೊಟ್ಟು ಬಂದೆ. ಇನ್ನೇನು ಉಳಿದಿದೆ ನಿನ್ನಲ್ಲಿ?” ಎಂದು ನಕ್ಕ. “ಇದರ ಕೊನೆಯ ಎಳೆ ಹುಡುಕಿ ತೆಗೆ, ಶಾಲು ತಾನೇ ಬಿಚ್ಚಿಕೊಳ್ಳುತ್ತದೆ. ತಪ್ಪು ಎಳೆ ಎಳೆದರೆ ನೀನೂ ಕಲ್ಲು.”

ಸಾವಿರಾರು ಎಳೆ, ಎಲ್ಲವೂ ಒಂದೇ ಬಿಳುಪು. ಬಾಳವ್ವ ಕಣ್ಣು ಮುಚ್ಚಿ ಬೆರಳಾಡಿಸಿದಳು. ಎಡಹುರಿ, ಅಪ್ಪನದು. ಎಡಹುರಿ, ಇದೂ ಅಪ್ಪನದು. ಎಳೆ ಎಳೆಯಲ್ಲೂ ಅಪ್ಪ ಸಿಕ್ಕ. ಅವಳಿಗೆ ಅಳು ಬಂತು, ಬೆರಳು ಮಾತ್ರ ನಿಲ್ಲಲಿಲ್ಲ. ಅಂಚಿನಲ್ಲಿ ಒಂದೇ ಒಂದು ಎಳೆ ಬಲಕ್ಕೆ ತಿರುಗಿತ್ತು. ಅದು ಅವಳೇ ನೂತದ್ದು, ಆ ದಿನವೇ ಬಂದು ಸೇರಿದ್ದು. ಅದನ್ನೇ ಹಿಡಿದು ಎಳೆದಳು.

ಶಾಲು ಸರಸರ ಬಿಚ್ಚಿತು. ಎಳೆಗಳೆಲ್ಲ ಪಟ್ಟಣಕ್ಕೆ ಹಾರಿ ತಂತಮ್ಮ ತಂತಿಯ ಕೆಳಗೆ ಸೇರಿಕೊಂಡವು. ಉಗ್ರಮಾಲಿ ಬಟ್ಟೆ ತಿನ್ನುವ ನುಸಿಯಾಗಿ ಬಿಸಿಲಿನಲ್ಲಿ ಒಣಗಿಹೋದ. ಆನೆ, ನವಿಲು, ಹುಲಿ ಕಾಡಿಗೆ ಹೋದವು. ಹಿಂದೆ ಹೋಗಿ ಕಲ್ಲಾದವರೆಲ್ಲ ಎದ್ದು ಮೈ ಕೊಡವಿಕೊಂಡರು.

ಬಾಳವ್ವ ಇಳಿದು ಬಂದಾಗ ಬೀದಿಬೀದಿಯಲ್ಲೂ ಝೇಂಕಾರ, ಜನ ಒಬ್ಬರಿಗೊಬ್ಬರು ಗುನುಗಿ ತಬ್ಬಿಕೊಳ್ಳುತ್ತಿದ್ದರು. ಅವಳಿಗೆ ಮಾತ್ರ ಗುನುಗಲು ಏನೂ ಉಳಿದಿರಲಿಲ್ಲ. ಗೋಡೆ ಪಕ್ಕಕ್ಕೇ ನಡೆದು ಅಂಗಡಿಗೆ ಬಂದಳು.

ರಾಚಪ್ಪಜ್ಜ ತಂಬೂರಿ ಮೀಟುತ್ತ ಹಾಡುತ್ತಿದ್ದ: “ಮಗಳೇ ಮಲಗೇ, ಅಪ್ಪ ಬರ್ತಾನೆ...”

ಯಾಕೆಂದು ತಿಳಿಯದೆ ಬಾಳವ್ವನ ಕಣ್ಣಲ್ಲಿ ನೀರು ಸುರಿಯಿತು. “ಇದ್ಯಾರ ಹಾಡಜ್ಜಾ?”

“ನಿಮ್ಮಪ್ಪಂದವ್ವಾ! ವರ್ಷಾ ವರ್ಷಾ ಬಂದು ಇಲ್ಲೇ ಕೂತು ಹಾಡತಿದ್ದ. ನನ್ನ ಮಗಳಿಗೆ ಕಟ್ಟಿದ್ದು ಅಂತಿದ್ದ. ಈ ಓಣಿಯ ಕೂಸುಗಳೆಲ್ಲ ಮಲಗೂದು ಇದಕ್ಕೇ.”

ಎದುರು ಮನೆಯ ಹೆಂಗಸು ತನ್ನ ಬಾಗಿಲಲ್ಲಿ ನಿಂತು ದನಿ ಸೇರಿಸಿದಳು. ಪಕ್ಕದ ಮನೆಯವರೂ ಸೇರಿಸಿದರು. ಬಾಳವ್ವ ಅಜ್ಜನ ಬಳಿ ಕೂತು, ಮೊದಲ ಸಾಲಿನಿಂದ ಅದನ್ನು ಹೊಸದಾಗಿ ಕಲಿತಳು.

ಆಮೇಲೆ ಅವಳು ಅದೇ ಓಣಿಯಲ್ಲಿ ಕದಿರು ಹಿಡಿದು ಸುಖವಾಗಿ ಬಾಳಿದಳು, ಊರೂ ಬಾಳಿತು. ಶ್ರುತಿ ಯಾವುದೆಂದು ಯಾರಾದರೂ ಕೇಳಿದರೆ ಅವಳು ಅಪ್ಪನ ಹಾಡು ಎತ್ತುತ್ತಿದ್ದಳು, ಓಣಿಯೆಲ್ಲ ದನಿ ಸೇರಿಸುತ್ತಿತ್ತು.