ಎಂಟನೆಯ ಚುಕ್ಕಿ

ಯಾರು ಯಾರಿಗೆ ಫೋನ್ ಮಾಡುತ್ತಾರೆಂದು ನೋಡಿ, ಊರಿನವರನ್ನು ಗುಂಪುಗಳಾಗಿ ವಿಂಗಡಿಸುವುದು ನನ್ನ ಕೆಲಸ. ಪರದೆಯ ಮೇಲೆ ಒಬ್ಬೊಬ್ಬರೂ ಒಂದೊಂದು ಚುಕ್ಕಿ. ಎಷ್ಟು ಸಲ ಲೆಕ್ಕ ಹಾಕಿಸಿದರೂ ಕಂಪ್ಯೂಟರು ಏಳು ಜನರನ್ನು ಒಂದೇ ಗುಂಪಿಗೆ ಹಾಕುತ್ತಿತ್ತು. ಅವರು ಪರಸ್ಪರ ಒಮ್ಮೆಯೂ ಮಾತಾಡಿದವರಲ್ಲ. ಏಳೂ ಜನ ಕೊನೆಯದಾಗಿ ಕರೆ ಮಾಡಿದ್ದು ಮಾತ್ರ ಒಂದೇ ನಂಬರಿಗೆ, ಹನ್ನೊಂದೇ ಸೆಕೆಂಡು; ಆಮೇಲೆ ಅವರಿಂದ ಯಾರಿಗೂ ಕರೆ ಹೋಗಿಲ್ಲ. ಆ ನಂಬರು ಆಫೀಸಿನಲ್ಲಿ ನನ್ನ ಮೇಜಿನ ಮೇಲಿರುವ ಹಳೆಯ ಫೋನಿನದು. ಅದಕ್ಕೆ ತಂತಿಯೇ ಇಲ್ಲ. ಆದರೂ ರಿಸೀವರು, ಆಗತಾನೇ ಯಾರೋ ಕಿವಿಗೊತ್ತಿಕೊಂಡು ಇಟ್ಟಂತೆ ಬೆಚ್ಚಗಿತ್ತು.

ಮರುದಿನ ಮಧ್ಯಾಹ್ನ ಆ ಗುಂಪಿಗೆ ಎಂಟನೆಯ ಚುಕ್ಕಿ ಸೇರಿತ್ತು. ನನ್ನ ಅಕ್ಕನ ನಂಬರು! ಕೂಡಲೇ ಮೊಬೈಲಿನಿಂದ ಅವಳಿಗೆ ಫೋನ್ ಮಾಡಿದೆ.

“ಅಕ್ಕಾ, ಆಫೀಸಿನ ನಂಬರಿಗೆ ಯಾಕೆ ಮಾಡಿದ್ದೆ?”

“ನೀನೇ ಬೇಗ ಬಾ ಅಂದೆಯಲ್ಲೋ. ಚಪ್ಪಲಿ ಹಾಕ್ಕೊಂಡು ಹೊರಟೇಬಿಟ್ಟೆ.”

ಮೂರು ವರ್ಷವಾಯಿತು. ಅಕ್ಕ ಎಲ್ಲಿಗೂ ತಲುಪಿಲ್ಲ. ರಿಸೀವರು ಇನ್ನೂ ಆರಿಲ್ಲ.