ಬಿಡು ಅಂದವನು

ಚೆಂಡು ಗೋಡೆಗೆ ಬಡಿದು, ಸಿಡಿದು, ನೇರವಾಗಿ ಅವನ ಎದೆಗೆ ಹೋಗಿ ಬಿತ್ತು!

ಚಿಕಿತ್ಸಾ ಕೋಣೆಯಲ್ಲಿ ವ್ಯಾಯಾಮ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಕ್ಷಮೆ ಕೇಳಲಿಲ್ಲ. ಹಿಸುಕಲು ಕೊಟ್ಟಿದ್ದ ಆ ಹಾಳು ರಬ್ಬರ್ ಚೆಂಡನ್ನು ಅವಳು ಎಸೆದದ್ದು ಎಡಗೈಯಿಂದ. ಬಲಗೈಯಿಂದ ಎಸೆಯುವಂತಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದಳು?

ಆ ಮನುಷ್ಯ ಎದ್ದು ಬಂದ. ಬಾಗಿಲು ತುಂಬುವಂಥ ಆಳು, ಆದರೆ ಬಲ ತೋಳು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. ಚೆಂಡನ್ನು ತಂದು ಅವಳ ಬಲ ಅಂಗೈಯಲ್ಲಿಟ್ಟ.

"ಮೂವತ್ತರಲ್ಲಿ ಹತ್ತೊಂಬತ್ತು ಆಗಿದೆ. ಇನ್ನು ಹನ್ನೊಂದು."

"ನನ್ನ ಲೆಕ್ಕ ಇಡೋಕೆ ನೀವ್ಯಾರ್ರೀ?"

"ಯಾರೂ ಅಲ್ಲ. ಎಣಿಸೋದು ರೂಢಿ."

"ನೋವಾಗುತ್ತೆ ನನಗೆ!"

"ಗೊತ್ತು. ಹನ್ನೊಂದು."

ಎಷ್ಟು ಸೊಕ್ಕು ಇವನಿಗೆ! ಅವನ ಮೇಲಿನ ಸಿಟ್ಟಿಗೇ ಹನ್ನೊಂದನ್ನೂ ಹಿಸುಕಿದಳು. ಕಣ್ಣೀರು ಗಲ್ಲದ ಮೇಲಿಂದ ಇಳಿದು ಚೆಂಡಿನ ಮೇಲೆ ಬಿತ್ತು. ಅವನು ಅದನ್ನು ನೋಡಿಯೂ ನೋಡದವನಂತೆ ತನ್ನ ಜಾಗಕ್ಕೆ ಹೋಗಿ ಕೂತ.

ಅವಳು ಕಟಿಂಗ್ ಮಾಸ್ಟರ್. ಹದಿನಾಲ್ಕು ಮಂದಿ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿಕೊಡುವವಳು. ಎಂಟು ಪದರ ಬಟ್ಟೆ ಒಟ್ಟಿಗೆ ಹಾಸಿ ಕತ್ತರಿ ಇಟ್ಟರೂ ಮೇಲಿನದಕ್ಕೂ ಕೆಳಗಿನದಕ್ಕೂ ನೂಲಿನಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಬಟ್ಟೆ ಕತ್ತರಿಸುವ ಯಂತ್ರದ ಅಲಗು ಅವಳ ಅಂಗೈಯೊಳಗೆ ಇಳಿಯಿತು. ಡಾಕ್ಟರು ಹೊಲಿದರು, ಗಾಯ ಮಾಯಿತು, ಮೂರು ಬೆರಳು ಮಾತ್ರ ಮಡಚಲೇ ಇಲ್ಲ.

"ಇನ್ನೆರಡು ತಿಂಗಳು ಕಾಯ್ತೀನಿ ತಾಯಿ," ಎಂದಿದ್ದರು ಕಾರ್ಖಾನೆಯ ಯಜಮಾನಿ. "ಆ ತಿಂಗಳ ಕೊನೇ ಶನಿವಾರ ಬಂದು ಒಂದು ಶರ್ಟಿನ ಬಟ್ಟೆ ಕತ್ತರಿಸಿ ತೋರಿಸು. ಆದ್ರೆ ನಿನ್ನ ಮೇಜು ನಿನಗೇ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಲೇಬೇಕು."

ಮನೆಯಲ್ಲಿ ಅಣ್ಣ, ಅತ್ತಿಗೆ. ಬೆಳಿಗ್ಗೆ ಅತ್ತಿಗೆಯೇ ಅವಳ ತಲೆ ಬಾಚಬೇಕು, ಅತ್ತಿಗೆಯೇ ಗುಂಡಿ ಹಾಕಬೇಕು. ಅತ್ತಿಗೆ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಅದೇ ಅವಳಿಗೆ ಹೆಚ್ಚು ಹಿಂಸೆ. ಊರಿನವರಿಗೆಲ್ಲ ಅಂಗಿ ಕತ್ತರಿಸಿದವಳಿಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲವೆಂದರೆ... ಇಂಥ ಕೈ ಇದ್ದರೆಷ್ಟು, ಹೋದರೆಷ್ಟು!

ಅವನನ್ನು ಚಿಕಿತ್ಸಾ ಕೋಣೆಯಲ್ಲಿ ಎಲ್ಲರೂ ಪೈಲ್ವಾನ್ ಎನ್ನುತ್ತಿದ್ದರು.

"ಪೈಲ್ವಾನ್ ಅಂದ್ರೆ ಕುಸ್ತಿಯವನು," ಎಂದು ಅವನು ತಿದ್ದಿದ. "ನಾನು ಭಾರ ಎತ್ತೋನು. ಅದೇ ನನ್ನ ವೃತ್ತಿ."

"ಭಾರ ಅಂದ್ರೆ... ಮೂಟೇನಾ?"

ಅವನು ನಕ್ಕದ್ದನ್ನು ಅವಳು ಮೊದಲ ಸಲ ನೋಡಿದ್ದು ಆಗಲೇ. ಪಟ್ಟಿಯಲ್ಲಿದ್ದ ತೋಳು ನೋವಿನಿಂದ ಅದುರಿತು. ಆದರೂ ನಗು ನಿಲ್ಲಲಿಲ್ಲ.

ದಿನಾ ಬೆಳಿಗ್ಗೆ ಚಿಕಿತ್ಸಾ ಕೋಣೆಯ ಬಾಗಿಲು ತೆರೆಯುವ ಮೊದಲೇ, ಏಳಕ್ಕೆ ಐದು ನಿಮಿಷವಿರುವಾಗ, ಅವನು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಇಪ್ಪತ್ತು ಸಲ ಎಂದರೆ ಇಪ್ಪತ್ತೇ. ಹತ್ತೊಂಬತ್ತಕ್ಕೆ ನಿಲ್ಲಿಸುವವನಲ್ಲ, ಇಪ್ಪತ್ತೊಂದಕ್ಕೆ ಹೋಗುವವನೂ ಅಲ್ಲ.

"ನಿಮಗೆ ಒಂದು ದಿನಾನೂ ಬೇಜಾರಾಗಲ್ವಾ? ಇವತ್ತು ಮನಸ್ಸಿಲ್ಲ ಅನ್ಸಲ್ವಾ?"

"ದಿನಾ ಅನ್ಸುತ್ತೆ. ಆದ್ರೆ ಮನಸ್ಸನ್ನ ಕೇಳೋದೇ ಇಲ್ಲ. ಬೆಳಿಗ್ಗೆ ಹಲ್ಲುಜ್ಜೋಕೆ ಮನಸ್ಸನ್ನ ಕೇಳ್ತೀರಾ ನೀವು?"

ಒಂದು ದಿನ ಅವಳು ಹುರುಪಿನಲ್ಲಿ ಎಂಬತ್ತು ಸಲ ಹಿಸುಕಿದಳು. ಮರುದಿನ ಕೈ ಊದಿತು. ಅವನು ಶಾಲೆಯ ಮೇಷ್ಟ್ರಂತೆ ಗದರಿದ. "ಇದು ಅಭ್ಯಾಸ ಅಲ್ಲ, ಹಠ! ಅಭ್ಯಾಸ ಮಾಡೋನು ನಾಳೆಗೂ ಸ್ವಲ್ಪ ಕೈ ಉಳಿಸ್ಕೋತಾನೆ."

ಬಯ್ಯಿಸಿಕೊಂಡವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬದಲಿಗೆ ಮರುದಿನ ಅವಳೂ ಏಳಕ್ಕೆ ಐದು ನಿಮಿಷವಿರುವಾಗ ಅದೇ ಮೆಟ್ಟಿಲ ಮೇಲೆ ಕೂತಿದ್ದಳು. ಒಂದೂವರೆ ತಿಂಗಳಲ್ಲಿ ತನ್ನ ಗುಂಡಿ ತಾನೇ ಹಾಕಿಕೊಂಡಳು. ಅದನ್ನು ಮೊದಲು ಯಾರಿಗೆ ಹೇಳಬೇಕೆಂದು ಯೋಚಿಸಿದಾಗ ಕಣ್ಣ ಮುಂದೆ ಬಂದದ್ದು ಅಣ್ಣನೂ ಅಲ್ಲ, ಅತ್ತಿಗೆಯೂ ಅಲ್ಲ.

ಅಯ್ಯೋ... ಇದೇನಾಯ್ತು ನನಗೆ?

ಪರೀಕ್ಷೆಯ ಶನಿವಾರಕ್ಕೆ ಎಂಟು ದಿನವಿತ್ತು. ಚಿಕಿತ್ಸಾ ಕೋಣೆಯ ಪರದೆಯ ಆಚೆ ಅವನು, ಎಲ್ಲರಿಗೂ ವ್ಯಾಯಾಮ ಮಾಡಿಸುವ ಮೇಡಂ ಜೊತೆ ಮಾತಾಡುತ್ತಿದ್ದ. ಅವಳು ಕೇಳಬಾರದಿತ್ತು, ಕಾಲು ಕದಲಲಿಲ್ಲ.

"ಅವಳ ಬೆರಳು ಇನ್ನು ಇಷ್ಟೇ," ಎಂದರು ಮೇಡಂ. "ಕತ್ತರಿ ಹಿಡಿಯೋಷ್ಟು ಬಲ ಬರಲ್ಲ. ಹೇಗೆ ಹೇಳೋದೋ ಗೊತ್ತಾಗ್ತಿಲ್ಲ."

"ನೀವು ಹೇಳ್ಬೇಡಿ. ಅವಳಿಗೆ 'ಬಿಡು' ಅಂತ ನಾನೇ ಹೇಳ್ತೀನಿ."

ಬಿಡು! ಹನ್ನೊಂದು ಬಾಕಿ ಇದೆ ಎಂದು ಜೀವ ತಿಂದವನು, ಮನಸ್ಸನ್ನ ಕೇಳಬೇಡ ಎಂದವನು... ಕೊನೆಗೆ ಹೇಳುವುದು ಬಿಡು ಅಂತಲೇ? ಹಾಗಿದ್ದರೆ ಇಷ್ಟು ದಿನ ನಡೆದದ್ದು ಬರೀ ಕನಿಕರವೇ?

ಅವಳು ಯಾರಿಗೂ ಹೇಳದೆ ಮನೆಗೆ ಬಂದಳು. ಗೋಡೆಗೆ ಮುಖ ಮಾಡಿ ಮಲಗಿದವಳು ನಾಲ್ಕು ದಿನ ಏಳಲಿಲ್ಲ. ಉಣ್ಣಲೂ ಬೇಡ, ಮಾತೂ ಬೇಡ. ಗುಂಡಿ ಮತ್ತೆ ಅತ್ತಿಗೆಯ ಪಾಲಿಗೆ ಬಂತು.

"ಆ ಪೈಲ್ವಾನ್ ಇವತ್ತೂ ಬಂದು ಗೇಟ್ ಹತ್ರ ನಿಂತಿದಾರೆ. ಏನ್ ಹೇಳ್ಲಿ?"

"ಸತ್ತುಹೋದ್ಲು ಅಂತ ಹೇಳು."

ಅತ್ತಿಗೆ ಬಾಚಣಿಗೆಯನ್ನು ನೆಲಕ್ಕೆ ಎಸೆದಳು. "ಬದುಕಿರೋಳ ತಲೆ ಎಷ್ಟು ವರ್ಷ ಬೇಕಾದ್ರೂ ಬಾಚ್ತೀನಿ ಕಣೇ. ಸತ್ತೋಳ ತಲೆ ಬಾಚೋಕೆ ನನ್ನ ಕೈಲಾಗಲ್ಲ!"

ಶನಿವಾರ ಅವಳು ಕಾರ್ಖಾನೆಗೆ ಹೋದಳು. ಬಿಡು ಎಂದವನಿಗೆ ತೋರಿಸಬೇಕು, ಅಷ್ಟೇ. ಹದಿನಾಲ್ಕು ಯಂತ್ರಗಳು ನಿಂತವು. ಯಜಮಾನಿ ಬಿಳಿ ಬಟ್ಟೆ ಹಾಸಿದರು. ಸೀಮೆಸುಣ್ಣದ ಗೆರೆ ಸರಿಯಾಗಿಯೇ ಬಂತು. ಕತ್ತರಿ ಎತ್ತಿದಳು. ಹೆಬ್ಬೆರಳು ಹೇಳಿದ ಮಾತು ಕೇಳಿತು, ಉಳಿದ ಬೆರಳು ಕೇಳಲಿಲ್ಲ. ಅಲಗು ಬಟ್ಟೆಯನ್ನು ಅಗಿಯಿತು. ಹಲ್ಲುಕಚ್ಚಿ ಮತ್ತೆ ಒತ್ತಿದಳು. ಅಂಗೈಯೊಳಗೆ ಏನೋ ಪಟ್ಟೆಂದಿತು, ಕತ್ತರಿ ಜಾರಿ ಶರ್ಟಿನ ಹೆಗಲನ್ನು ಸೀಳಿಕೊಂಡು ನೆಲಕ್ಕೆ ಬಿತ್ತು.

ಯಜಮಾನಿ ಹಾಳಾದ ಬಟ್ಟೆಯನ್ನು ಮೆಲ್ಲಗೆ ಮಡಚಿದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊರಗೆ ಬಂದರೆ ಮೆಟ್ಟಿಲ ಕೆಳಗೆ ಅವನು!

"ಯಾಕೆ ಬಂದ್ರಿ? ಬಿಡು ಅಂದ್ರಲ್ಲ... ಬಿಟ್ಟೆ! ಸಮಾಧಾನ ಆಯ್ತಾ?"

ಅವನ ಮುಖ ಬಿಳುಪೇರಿತು. "ಅದನ್ನ ಕೇಳಿಸ್ಕೊಂಡ್ಯಾ?" ಮೊದಲ ಸಲ 'ನೀನು' ಎಂದಿದ್ದ. ಅದು ಅವನಿಗೂ ತಿಳಿದಿರಲಿಲ್ಲ. "ಕೂತ್ಕೋ. ಕೈ ತೋರಿಸು... ಊದ್ತಾ ಇದೆ. ಇದಕ್ಕೇ ಹೇಳ್ಬೇಕು ಅಂದಿದ್ದೆ."

"ಏನನ್ನ?"

"ನಮ್ಮಲ್ಲಿ ಎತ್ತೋದಕ್ಕಿಂತ ಮೊದಲು ಬಿಡೋದನ್ನ ಕಲಿಸ್ತಾರೆ. ಭಾರ ತಲೆ ಮೇಲೆ ಓಲಾಡಿದ್ರೆ ಕೋಚ್ 'ಬಿಡು' ಅಂತ ಕೂಗ್ತಾರೆ. ತಕ್ಷಣ ಕೆಳಗೆ ಹಾಕಿ ಪಕ್ಕಕ್ಕೆ ಸರೀಬೇಕು. ಭಾರದ ಕಂಬಿ ಬಿದ್ರೂ ಮನುಷ್ಯ ಉಳೀತಾನೆ. ಉಳಿದ್ರೆ ಮತ್ತೆ ಎತ್ತಬಹುದು." ಅವನು ತನ್ನ ಬಲ ಹೆಗಲು ಮುಟ್ಟಿಕೊಂಡ. "ನನಗೂ ಕೂಗಿದ್ರು. ಮೂರು ಸಲ. ಸ್ಪರ್ಧೆಯ ಕೊನೇ ಸರದಿ, ಅಷ್ಟು ಜನ ನೋಡ್ತಿದಾರೆ, ಬಿಡೋದು ಹೇಗೆ? ಬಿಡಲಿಲ್ಲ. ಹೆಗಲು ಕಿತ್ತು ಬಂತು. ಈ ಕೈ ಇನ್ನು ತಲೆ ಮೇಲೆ ಹೋಗಲ್ಲ. ಅದು ಮೊದಲ ವಾರಾನೇ ಗೊತ್ತಾಗಿತ್ತು."

"ಮತ್ತೆ... ದಿನಾ ಬರ್ತಿದ್ರಲ್ಲ?"

"ತಲೆ ಮೇಲೆ ಹೋಗದಿದ್ರೆ ಏನು, ಬಾಯಿ ತನಕ ಆದ್ರೂ ಹೋಗ್ಬೇಕಲ್ಲ! ಊಟ ಮಾಡ್ಬೇಕು ನಾನು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ನಗು ಮುಗಿಯುವುದರೊಳಗೆ ಮತ್ತೆ ಅಳು.

"ನೀವೂ ನನ್ನ ಕೈ ಬಿಟ್ರಿ ಅನ್ಕೊಂಡೆ..."

"ನಿನ್ನ ಬಲಗೈ ಬಿಡು ಅನ್ನೋನಿದ್ದೆ. ನಿನ್ನ ಕೈ ಬಿಡ್ತೀನಿ ಅಂದ್ನಾ?" ಅವನು ಅವಳ ಇನ್ನೊಂದು ಕೈ ತೋರಿಸಿದ. "ಎಡಗೈ ಇದೆಯಲ್ಲ."

"ನಿಮಗೇನು ಗೊತ್ತು? ಎಡಗೈಯಲ್ಲಿ ಈ ಕತ್ತರಿ ಹಿಡಿದ್ರೆ ಬಟ್ಟೆ ಅಲಗಿನ ಮಧ್ಯೆ ಮಡಚಿಕೊಳ್ಳುತ್ತೆ. ಅದಕ್ಕೆ ಕತ್ತರೀನೇ ಬೇರೆ ಬರುತ್ತೆ. ಕೈ ಪಳಗೋಕೆ ಒಂದು ವರ್ಷ ಬೇಕು!"

"ವರ್ಷ ಹೇಗಿದ್ರೂ ಕಳೆಯುತ್ತೆ. ಇವತ್ತು ಅಳು. ನಾನೂ ತುಂಬಾ ಅತ್ತಿದೀನಿ. ಸೋಮವಾರ ಏಳು ಗಂಟೆಗೆ ಬಾ."

ಅವಳ ಮೇಜಿಗೆ ಹೊಸ ಮಾಸ್ಟರ್ ಬಂದ. ಅವಳೇ ಹೋಗಿ ಯಜಮಾನಿಯನ್ನು ಕೇಳಿ, ಸಿದ್ಧವಾದ ಶರ್ಟುಗಳ ಗುಂಡಿ ಸರಿಯಿದೆಯೇ ಎಂದು ನೋಡುವ ಮೂಲೆಯ ಕೆಲಸಕ್ಕೆ ಸೇರಿದಳು. ನಿನ್ನೆಯವರೆಗೆ 'ಮಾಸ್ಟರ್' ಎನ್ನುತ್ತಿದ್ದವರು ಹೆಸರು ಹಿಡಿದು ಕರೆಯತೊಡಗಿದರು. ಅವಮಾನ ನುಂಗಿದಳು. ಅದು ಸುಲಭವಾಗಿ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಅವನ ಎದುರು ಕೂತು ಎಡಗೈ ಕತ್ತರಿಯಲ್ಲಿ ಹಳೆಯ ಪತ್ರಿಕೆಯ ಹತ್ತು ಹಾಳೆ ಗೆರೆ ಹಿಡಿದು ಕತ್ತರಿಸುತ್ತಿದ್ದಳು. ಹತ್ತೆಂದರೆ ಹತ್ತೇ. ತಿಂಗಳುಗಟ್ಟಲೆ ಅವು ಇಲಿ ಕಡಿದಂತಿದ್ದವು. ಎಷ್ಟೋ ದಿನ ಕತ್ತರಿಯನ್ನು ಕಿಟಕಿಯಾಚೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಅಂಥ ದಿನವೂ ಹತ್ತು ಹಾಳೆ ಮುಗಿಯುತ್ತಿತ್ತು. ಬಲಗೈಯ ಮೂರು ಬೆರಳು ಮಾತ್ರ ಕೊನೆಗೂ ಮಡಚಲಿಲ್ಲ.

ಹದಿನಾಲ್ಕನೆಯ ತಿಂಗಳಲ್ಲಿ ಹೊಸ ಮಾಸ್ಟರ್ ರಜೆ ಹಾಕಿದ ಒಂದು ಮಧ್ಯಾಹ್ನ, ಯಜಮಾನಿ ಅವಳನ್ನು ಕರೆದು ಮೇಜು ತೋರಿಸಿದರು. "ಒಂದೇ ಶರ್ಟು. ಯಾರದ್ದು ಬೇಕಾದ್ರೂ ಕತ್ತರಿಸು."

ಅವಳು ಅವನನ್ನು ಕರೆಸಿದಳು. ಈಗ ಅವನು ಬೇರೆಯವರಿಗೆ ಭಾರ ಎತ್ತುವುದನ್ನು ಕಲಿಸುತ್ತಿದ್ದ. ಬಂದು ಎದುರಿಗೆ ನಿಂತ. ಅವಳು ಟೇಪು ಹಿಡಿದು ಅವನ ಬೆನ್ನಿನ ಅಗಲ ಅಳೆದಳು.

"ಅಲ್ಲಾಡ್ಬೇಡ. ನೆಟ್ಟಗೆ ನಿಂತ್ಕೋ," ಎಂದಳು.

"ಇಷ್ಟು ದಿನ ನನಗೆ 'ನೀವು' ಅಂತಿದ್ದೆ..."

"ಮದುವೆ ಆಗೋನಿಗೆ ಇಷ್ಟು ಮರ್ಯಾದೆ ಸಾಕು."

ಹದಿನಾಲ್ಕು ಯಂತ್ರಗಳ ಸದ್ದು ಒಮ್ಮೆಲೇ ನಿಂತದ್ದನ್ನು ಅವರಿಬ್ಬರೂ ಗಮನಿಸಲಿಲ್ಲ.

"ಪೂರ್ತಿ ಯೋಚನೆ ಮಾಡು. ನಾನು ಮೊದಲಿನ ಹಾಗೆ ಇಲ್ಲ."

"ತೋಳಿನ ಅಳತೆ ಬೇಕು. ಕೈ ಎತ್ತು."

ಅವನು ಬಲಗೈ ಎತ್ತಿದ. ಹೆಗಲಿನ ಮಟ್ಟಕ್ಕೆ ಬಂದು ಅದು ನಿಂತಿತು, ಅದುರಿತು.

"ಇಷ್ಟೇ ಬರೋದು," ಎಂದ, ನೆಲ ನೋಡುತ್ತ.

ಅವಳು ಆ ಕೈಯ ಕೆಳಗೆ ತನ್ನ ಮಡಚದ ಬೆರಳುಗಳ ಆಸರೆ ಕೊಟ್ಟು, ಎಡಗೈಯಿಂದ ಟೇಪು ಎಳೆದಳು.

"ಇಷ್ಟಕ್ಕೇ ಹೊಲೀತೀನಿ."